ಒತ್ತುಯಂತ್ರದಲ್ಲಿ ತಿರುಗುವ ಹರಳುಗಳು

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಒಂದೊಂದು ಘಟಕದ ಒಡಲಲ್ಲೂ 306 ಕೊಳವೆಗಳು ಅಡ್ಡಲಾಗಿ ಮಲಗಿವೆ. ಯುರೇನಿಯಂ ಇಂಧನದ ಕಟ್ಟುಗಳಿರುವುದು ಈ ಕೊಳವೆಗಳೊಳಗೆ. ಅವುಗಳ ಮೈ ಸವರಿಕೊಂಡು ಹರಿಯುವ ಭಾರಜಲ ಹೊರಬರುವ ಹೊತ್ತಿಗೆ ಸುಮಾರು 290 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರುತ್ತದೆ. ಅಷ್ಟು ಬಿಸಿಯಲ್ಲೂ ಕುದಿಯದಿರಲೆಂದು ಅದನ್ನು ವಾತಾವರಣದ 80–90 ಪಟ್ಟು ಒತ್ತಡದಲ್ಲಿ ಹಿಡಿದಿಡುತ್ತಾರೆ. ಆ ಒತ್ತಡಕ್ಕೆ ಎದೆಗೊಟ್ಟು ನಿಂತಿರುವುದು ಸುಮಾರು ಮೂರೂವರೆ ಮಿಲಿಮೀಟರ್ ದಪ್ಪದ ಲೋಹದ ಗೋಡೆ, ಅಷ್ಟೆ. ರಿಯಾಕ್ಟರಿನವರು ಈ ಕೊಳವೆಯನ್ನು ಪ್ರೆಶರ್ ಟ್ಯೂಬ್ ಎನ್ನುತ್ತಾರೆ.

ಈ ಕೊಳವೆಗಳಿಗೊಂದು ವಿಚಿತ್ರ ಸ್ವಭಾವವಿದೆ. ಅವು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತವೆ. ಬಿಸಿಗೆ ಹಿಗ್ಗಿದ್ದಾದರೆ ರಿಯಾಕ್ಟರ್ ನಿಲ್ಲಿಸಿದಾಗ ಮತ್ತೆ ಕುಗ್ಗಬೇಕಿತ್ತು, ಇವು ಕುಗ್ಗುವುದಿಲ್ಲ. ಒಳಗಿನ ಒತ್ತಡ ದಿನವೂ ಜಗ್ಗಿ ಜಗ್ಗಿ ಒಂದಿಷ್ಟು ಉದ್ದ ಸೇರಿಸುತ್ತದೆ, ನಿಜ. ಆದರೆ ಒತ್ತಡವೇ ಇಲ್ಲದೆ ಬರಿಯ ಲೋಹದ ತುಂಡನ್ನು ನ್ಯೂಟ್ರಾನುಗಳ ಹೊಡೆತಕ್ಕೆ ಒಡ್ಡಿದರೂ ಅದು ಬೆಳೆಯುತ್ತದೆ. ಒಂದು ದಿಕ್ಕಿನಲ್ಲಿ ಉದ್ದವಾಗಿ, ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ಕುಗ್ಗಿ, ಒಟ್ಟು ಗಾತ್ರವನ್ನು ಹಾಗೇ ಉಳಿಸಿಕೊಳ್ಳುತ್ತದೆ. ಯಾವ ದಿಕ್ಕಿನಲ್ಲಿ ಬೆಳೆಯಬೇಕು ಎಂಬುದು ರಿಯಾಕ್ಟರಿನಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿನಲ್ಲಿ, ಕೆಂಪಗೆ ಕಾದ ಲೋಹದ ದಿಂಡು ಒತ್ತುಯಂತ್ರದ ಬಾಯಿಂದ ಕೊಳವೆಯಾಗಿ ಹೊರಬಂದ ಆ ಕೆಲವು ಸೆಕೆಂಡುಗಳಲ್ಲೇ ಅದರ ಬಹುಪಾಲು ತೀರ್ಮಾನವಾಗಿರುತ್ತದೆ.

ಲೋಹದ ಹೆಸರು ಜಿರ್ಕೋನಿಯಂ. ಜೊತೆಗೆ ನೂರಕ್ಕೆ ಎರಡೂವರೆ ಪಾಲು ನಿಯೋಬಿಯಂ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಕಡಲ ಮರಳಿನಲ್ಲಿ ಸಿಗುವ ಜಿರ್ಕಾನ್ ಖನಿಜ ಇದರ ಮೂಲ. ರಿಯಾಕ್ಟರಿನವರು ಇದಕ್ಕೆ ಮನಸೋಲಲು ಮುಖ್ಯ ಕಾರಣ: ಇದು ನ್ಯೂಟ್ರಾನುಗಳನ್ನು ನುಂಗುವುದು ತೀರ ಕಡಿಮೆ. ಖನಿಜದಲ್ಲಿ ಇದರ ಜೊತೆಗೇ ಇರುವ ಹ್ಯಾಫ್ನಿಯಂ ಮಾತ್ರ ಇದಕ್ಕಿಂತ ಸುಮಾರು 600 ಪಟ್ಟು ಹೆಚ್ಚು ನುಂಗುತ್ತದೆ. ರಸಾಯನದಲ್ಲಿ ಅವಳಿಗಳಂತಿರುವ ಈ ಎರಡನ್ನೂ ಬೇರ್ಪಡಿಸುವುದೇ ಒಂದು ದೊಡ್ಡ ಕಥೆ. ಅದನ್ನು ಇಲ್ಲಿ ಹೇಳಲು ಹೋಗುವುದಿಲ್ಲ. ಲೋಹಗಳ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಈ ‘ಏನು ಎಷ್ಟು ಬೆರೆತಿದೆ’ ಎಂಬ ಮಾತಿನಲ್ಲೇ ನಿಂತುಬಿಡುತ್ತಾರೆ. ಬೆರಕೆಯ ಪಟ್ಟಿ ಲೋಹದ ಅರ್ಧ ಜಾತಕ ಮಾತ್ರ ಎಂಬುದು ನನ್ನ ತಕರಾರು. ಉಳಿದರ್ಧ ಇರುವುದು ಅದರ ಹರಳುಗಳು ಯಾವ ಕಡೆ ಮುಖ ಮಾಡಿವೆ ಎಂಬುದರಲ್ಲಿ.

ಯಾವ ಲೋಹವನ್ನೇ ಆಗಲಿ ನುಣ್ಣಗೆ ಉಜ್ಜಿ, ಆಮ್ಲದಲ್ಲಿ ತೊಳೆದು, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಒತ್ತೊತ್ತಾಗಿ ಹೊಂದಿಕೊಂಡ ಕಣಗಳು ಕಾಣುತ್ತವೆ. ಒಂದೊಂದು ಕಣವೂ ಒಂದು ಹರಳು. ಅದರೊಳಗಿನ ಪರಮಾಣುಗಳದು ಶಿಸ್ತಿನ ಸಾಲು. ಜಿರ್ಕೋನಿಯಂನಲ್ಲಿ ಈ ಸಾಲುಗಳು ಆರು ಬದಿಯ ಕಂಬದ ಆಕಾರದಲ್ಲಿ ಜೋಡಣೆಯಾಗಿವೆ. ಕಂಬದ ಎತ್ತರದ ದಿಕ್ಕಿಗೆ ಸಿ-ಅಕ್ಷ ಎಂದೂ ತಳದಲ್ಲಿ ಅಡ್ಡಲಾಗಿರುವ ದಿಕ್ಕುಗಳಿಗೆ ಎ-ಅಕ್ಷಗಳೆಂದೂ ಹೆಸರು. ಇನ್ನು ಮುಂದಿನ ಮಾತೆಲ್ಲ ಸಿ-ಅಕ್ಷದ ಸುತ್ತಲೇ ಇರುತ್ತದೆ.

ಏಕೆಂದರೆ ಜಿರ್ಕೋನಿಯಂ ಹರಳು ಎಲ್ಲ ದಿಕ್ಕಿಗೂ ಒಂದೇ ಥರ ಇಲ್ಲ. ಸಿ-ಅಕ್ಷದ ಉದ್ದಕ್ಕೆ ಜಗ್ಗಿದರೆ ಅದರ ಬಿಗಿತ ಸುಮಾರು 125 ಗಿಗಾಪ್ಯಾಸ್ಕಲ್. ಅಡ್ಡಕ್ಕೆ ಜಗ್ಗಿದರೆ 99. ಕಾಯಿಸಿದಾಗ ಸಿ ದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ, ಎ ದಿಕ್ಕಿನಲ್ಲಿ ಕಡಿಮೆ. ನ್ಯೂಟ್ರಾನುಗಳು ಬಡಿದಾಗ ತಾಣ ತಪ್ಪಿದ ಪರಮಾಣುಗಳು ಎ ದಿಕ್ಕುಗಳಲ್ಲಿ ಹೊಸ ಸಾಲುಗಳಾಗಿ ತೂರಿಕೊಳ್ಳುತ್ತವೆ. ಸಿ ದಿಕ್ಕು ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆ. ಲೋಹದ ತುಂಡಿನಲ್ಲಿರುವ ಕೋಟ್ಯಂತರ ಕಣಗಳು ಮನಸ್ಸಿಗೆ ಬಂದ ಕಡೆ ಮುಖ ಮಾಡಿದ್ದರೆ ಈ ತಾರತಮ್ಯವೆಲ್ಲ ಒಂದಕ್ಕೊಂದು ಹೊಡೆದುಹೋಗುತ್ತಿತ್ತು. ಆದರೆ ಬಡಿದು, ಉರುಳಿಸಿ, ಒತ್ತಿ ರೂಪ ಕೊಟ್ಟ ಲೋಹದಲ್ಲಿ ಹಾಗಿರುವುದಿಲ್ಲ. ಕಣಗಳ ಬಹುಮತ ಒಂದು ಕಡೆಗೆ ವಾಲಿರುತ್ತದೆ. ಈ ವಾಲಿಕೆಯನ್ನೇ ಲೋಹಶಾಸ್ತ್ರದಲ್ಲಿ ಟೆಕ್ಸ್ಚರ್ ಎನ್ನುವುದು. ಬಟ್ಟೆಯ ಮೇಲ್ಮೈಯ ತರಿಗೂ ಇದಕ್ಕೂ ಸಂಬಂಧವಿಲ್ಲ; ಕನ್ನಡಿಯಂತೆ ಹೊಳೆಯುವ ಕೊಳವೆಯಲ್ಲೂ ಬಲವಾದ ಟೆಕ್ಸ್ಚರ್ ಇರಬಹುದು.

ಕಣಗಳು ತಿರುಗುವುದಾದರೂ ಹೇಗೆ? ಗಟ್ಟಿ ಲೋಹದೊಳಗೆ ಅವೇನು ಗಾಲಿಯ ಮೇಲೆ ಕೂತಿವೆಯೇ?

ಲೋಹ ಬಾಗುವಾಗ, ಎಳೆಯುವಾಗ ಅದರ ಹರಳಿನೊಳಗೆ ಪರಮಾಣುಗಳ ಪದರವೊಂದು ಪಕ್ಕದ ಪದರದ ಮೇಲೆ ಜಾರುತ್ತದೆ. ಎಲ್ಲ ಪದರಗಳೂ ಸಲೀಸಾಗಿ ಜಾರುವುದಿಲ್ಲ. ಮೆಗ್ನೀಸಿಯಂ ಕೂಡ ಇದೇ ಆರು ಬದಿಯ ಕಂಬದ ಲೋಹ. ಅದರಲ್ಲಿ ತಳದ ಪದರಗಳು ಸುಲಭವಾಗಿ ಜಾರುತ್ತವೆ. ಜಿರ್ಕೋನಿಯಂನಲ್ಲಿ ಸುಲಭವಾಗಿ ಜಾರುವುದು ಕಂಬದ ಬದಿಯ ಮುಖಗಳು. ಜಾರುವ ದಿಕ್ಕು ಎ-ಅಕ್ಷದ್ದು. ಇಲ್ಲೊಂದು ತೊಡಕಿದೆ, ಗಮನಿಸಿ. ಎಷ್ಟೇ ಜಾರಿದರೂ ಚಲನೆಯೆಲ್ಲ ಅಡ್ಡಕ್ಕೇ ನಡೆಯುವುದರಿಂದ ಕಂಬದ ಎತ್ತರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಸಿ-ಅಕ್ಷದ ಉದ್ದಕ್ಕೆ ಹಿಗ್ಗಲು ಅಥವಾ ಕುಗ್ಗಲು ಹರಳು ಬೇರೆ ದಾರಿ ಹುಡುಕಬೇಕು.

ತಣ್ಣಗಿರುವಾಗ ಅದು ಹಿಡಿಯುವ ದಾರಿ ಅವಳಿ ಹರಳಿನದು. ಕಣದ ಒಂದು ಭಾಗ ಇದ್ದಕ್ಕಿದ್ದಂತೆ ತನ್ನ ಜೋಡಣೆ ಬದಲಿಸಿ, ಪಕ್ಕದ ಭಾಗದ ಪ್ರತಿಬಿಂಬದಂತೆ ನಿಂತುಬಿಡುತ್ತದೆ. ಹೀಗೆ ಮಾಡುವಾಗ ಅದರ ಸಿ-ಅಕ್ಷ ಒಂದೇ ಏಟಿಗೆ ಸುಮಾರು 85 ಡಿಗ್ರಿ ಮಗುಚಿಕೊಳ್ಳುತ್ತದೆ. ಜಗ್ಗಿದ ದಿಕ್ಕಿನಲ್ಲಿದ್ದ ಸಿ-ಅಕ್ಷ ಒತ್ತಿದ ದಿಕ್ಕಿಗೆ ಹೊರಳಿತು ಎಂದಾಯಿತು. ಹಾಗಾಗಿ ತಣ್ಣಗೆ ಉರುಳಿಸಿದ ಜಿರ್ಕೋನಿಯಂ ಹಾಳೆಯಲ್ಲಿ ಸಿ-ಅಕ್ಷಗಳು ಬಹುತೇಕ ಹಾಳೆಯ ದಪ್ಪದ ದಿಕ್ಕಿಗೆ ಹತ್ತಿರವಾಗಿ, 20ರಿಂದ 40 ಡಿಗ್ರಿಯಷ್ಟು ಅಡ್ಡಕ್ಕೆ ವಾಲಿ ನಿಂತಿರುತ್ತವೆ.

ಬಿಸಿ ಏರಿದಂತೆ ಈ ಮಗುಚುವ ಆಟ ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಹಟ ಹಿಡಿದು ಕೂತಿದ್ದ ಇತರ ಪದರಗಳೂ, ಸಿ ಮತ್ತು ಎ ಎರಡೂ ದಿಕ್ಕು ಬೆರೆತ ಓರೆ ಜಾರಿಕೆಗಳೂ ಸಡಿಲಗೊಳ್ಳುತ್ತವೆ. ಒಂದೊಂದು ಜಾರಿಕೆಯ ಜೊತೆಗೂ ಹರಳು ಒಂಚೂರು ವಾಲುತ್ತದೆ. ಅಕ್ಕಪಕ್ಕದ ಕಣಗಳ ಹಿಡಿತದಲ್ಲಿರುವುದರಿಂದ ಅದಕ್ಕೆ ಬಿಡುಗಡೆಯಾಗಿ ಜಾರಿ ಸುಮ್ಮನಿರಲು ಬರುವುದಿಲ್ಲ. ಸಾವಿರಾರು ಜಾರಿಕೆಗಳಾಗುವ ಹೊತ್ತಿಗೆ ಹೊಸ ದಿಕ್ಕಿಗೆ ಬಂದಿರುತ್ತದೆ. ಆ ದಿಕ್ಕು ಇನ್ನಷ್ಟು ಜಾರಿದರೂ ಬದಲಾಗದಂಥದ್ದಾಗಿದ್ದರೆ ಅಲ್ಲಿಗೆ ಅದರ ಅಲೆದಾಟ ಮುಗಿಯಿತು.

ಈಗ ಒತ್ತುಯಂತ್ರಕ್ಕೆ ಬರೋಣ. ಎಕ್ಸ್‌ಟ್ರೂಷನ್ ಎಂದರೆ ತತ್ವದಲ್ಲಿ ಶಾವಿಗೆ ಒತ್ತುವುದೇ. ನಡುವೆ ತೂತಿರುವ ಜಿರ್ಕೋನಿಯಂ ದಿಂಡನ್ನು 800 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಗಟ್ಟಿಮುಟ್ಟಾದ ಉಕ್ಕಿನ ಗೂಡಿನಲ್ಲಿಟ್ಟು, ಸಾವಿರಾರು ಟನ್ ಬಲದಿಂದ ಕಿರಿದಾದ ಬಾಯಿಯ ಮೂಲಕ ತಳ್ಳುತ್ತಾರೆ. ತೂತಿನೊಳಗೆ ತೂರಿಸಿದ ಉಕ್ಕಿನ ಕೋಲು ಕೊಳವೆಯ ಒಳಗಾತ್ರವನ್ನು ಕಾಯುತ್ತದೆ. ಬಿಸಿ ಜಿರ್ಕೋನಿಯಂ ಉಕ್ಕಿಗೆ ಅಂಟಿಕೊಳ್ಳುವ, ಗಾಳಿಯಿಂದ ಆಮ್ಲಜನಕ ಹೀರುವ ಜಾತಿಯದು; ಅದಕ್ಕೆಂದೇ ದಿಂಡಿಗೆ ಮೊದಲೇ ತಾಮ್ರದ ಅಂಗಿ ತೊಡಿಸುವ ರೂಢಿಯಿದೆ. ಕೊಳವೆ ಹೊರಬಂದ ಮೇಲೆ ಆ ತಾಮ್ರವನ್ನು ಆಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ. ಕೆನಡಾದ ಕ್ಯಾಂಡು ರಿಯಾಕ್ಟರುಗಳ ಕೊಳವೆಗಳಿಗೆ ರೂಢಿಯಲ್ಲಿರುವ ಬಿಸಿ 815 ಡಿಗ್ರಿ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಲೋಹ ಉದ್ದಕ್ಕೆ ಹನ್ನೊಂದು ಪಟ್ಟು ಹಿಗ್ಗಿತು.

ಉದ್ದಕ್ಕೆ ಇಷ್ಟು ಹಿಗ್ಗಬೇಕೆಂದರೆ ಕಣವೊಂದು ಹೇಗೆ ಮಲಗಿರಬೇಕು? ಕೊಳವೆಯ ಉದ್ದದ ದಿಕ್ಕಿಗೇ ಸಿ-ಅಕ್ಷ ಇದ್ದರೆ ಸುಲಭದ ಜಾರಿಕೆಯಿಂದ ಏನೂ ಪ್ರಯೋಜನವಿಲ್ಲ, ಅದು ಉದ್ದವನ್ನು ಹೆಚ್ಚಿಸಲಾರದು. ಹಾಗಾಗಿ ಅಂಥ ಕಣಗಳು ಅಲ್ಲಿ ಉಳಿಯುವುದಿಲ್ಲ. ಸಿ-ಅಕ್ಷಗಳು ಉದ್ದದ ದಿಕ್ಕಿನಿಂದ ಸರಿದು ಅಡ್ಡ ಸಮತಲಕ್ಕೆ ಬರುತ್ತವೆ. ಆ ಸಮತಲದಲ್ಲಿ ಅವಕ್ಕೆ ಎರಡು ಆಯ್ಕೆ: ಗೋಡೆಯ ದಪ್ಪದ ದಿಕ್ಕು ಅಥವಾ ಸುತ್ತಳತೆಯ ದಿಕ್ಕು. ಗೋಡೆ ತೆಳುವಾಗುವುದೇ ಮುಖ್ಯವಾದರೆ, ಸುತ್ತಳತೆಗೆ ಸಿ-ಅಕ್ಷ ಹಾಸಿಕೊಂಡ ಕಣಕ್ಕೆ ಕೆಲಸ ಸುಲಭ. ದಪ್ಪವನ್ನು ಇಳಿಸಿ ಉದ್ದವನ್ನು ಏರಿಸುವುದಷ್ಟನ್ನೂ ಅದು ಬದಿಯ ಮುಖಗಳ ಜಾರಿಕೆಯಿಂದಲೇ ಮುಗಿಸಬಲ್ಲದು, ಸಿ ದಿಕ್ಕನ್ನು ಮುಟ್ಟಬೇಕಾಗಿಯೇ ಇಲ್ಲ. ಮಗುಚುವ ಅವಳಿಗಳು ಈ ಬಿಸಿಯಲ್ಲಿ ಸುಮ್ಮನಿರುವುದರಿಂದ ಅದನ್ನು ಆ ನಿಲುವಿನಿಂದ ಕದಲಿಸುವವರೂ ಇಲ್ಲ. ಜೊತೆಗೆ ದಿಂಡಿನ ಸುತ್ತಳತೆಯೂ ಕುಗ್ಗುತ್ತಿರುವುದರಿಂದ ಒತ್ತಡ ಆ ಕಡೆಯಿಂದಲೂ ಇದೆ. ಪರಿಣಾಮವಾಗಿ ಬಿಸಿಯಲ್ಲಿ ಒತ್ತಿದ ಈ ಕೊಳವೆಗಳಲ್ಲಿ ಸಿ-ಅಕ್ಷಗಳ ಬಹುಮತ ಸುತ್ತಳತೆಯ ಕಡೆಗೆ.

ಮಾತು ಇಷ್ಟಕ್ಕೇ ಮುಗಿದಿದ್ದರೆ ಲೋಹಶಾಸ್ತ್ರಜ್ಞರು ಆರಾಮಾಗಿರುತ್ತಿದ್ದರು. 800 ಡಿಗ್ರಿಯಲ್ಲಿ ಈ ಮಿಶ್ರಲೋಹ ಒಂದೇ ಲೋಹವಾಗಿ ಇರುವುದೇ ಇಲ್ಲ. ಶುದ್ಧ ಜಿರ್ಕೋನಿಯಂ 863 ಡಿಗ್ರಿಯವರೆಗೆ ಆರು ಬದಿಯ ಕಂಬ; ಅದರಾಚೆಗೆ ಘನಾಕೃತಿಯ ಬೇರೊಂದು ಜೋಡಣೆ. ಮೊದಲಿನದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ. ನಿಯೋಬಿಯಂ ಸೇರಿದಾಗ ಇವೆರಡೂ ಒಟ್ಟಿಗೆ ಇರಬಲ್ಲ ಒಂದು ವಿಶಾಲ ತಾಪವಲಯ ತೆರೆದುಕೊಳ್ಳುತ್ತದೆ. ಒತ್ತುಯಂತ್ರಕ್ಕೆ ಹೋಗುವ ದಿಂಡಿನಲ್ಲಿ ಮೆತ್ತಗಿನ ಬೀಟಾ, ಅದಕ್ಕಿಂತ ಗಡುಸಾದ ಆಲ್ಫಾ ಎರಡೂ ಪಕ್ಕಪಕ್ಕದಲ್ಲಿರುತ್ತವೆ. ಹರಿಯುವ ಹೊಣೆಯಲ್ಲಿ ಬೀಟಾ ತನ್ನ ಪಾಲಿಗಿಂತ ಹೆಚ್ಚು ಹೊರುತ್ತದೆ. ಆಲ್ಫಾ ಕಣಗಳು ಅದರ ನಡುವೆ ಉದ್ದುದ್ದಕ್ಕೆ ಎಳೆದುಕೊಳ್ಳುತ್ತವೆ. ಬಿಸಿ ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಇವೆರಡರ ಪಾಲು ಬದಲಾಗುತ್ತದೆ, ಅದರೊಂದಿಗೆ ಟೆಕ್ಸ್ಚರ್ ಕೂಡ.

ಆಮೇಲೆ ಕೊಳವೆ ತಣಿಯುತ್ತದೆ. ಬೀಟಾದ ಬಹುಭಾಗ ಮತ್ತೆ ಆಲ್ಫಾ ಆಗುತ್ತದೆ. ಉಳಿದದ್ದು ನಿಯೋಬಿಯಂ ತುಂಬಿಕೊಂಡು ಆಲ್ಫಾ ಕಣಗಳ ನಡುವೆ ತೆಳ್ಳನೆಯ ಪೊರೆಯಾಗಿ ನಿಲ್ಲುತ್ತದೆ. ಹೊಸದಾಗಿ ಹುಟ್ಟುವ ಆಲ್ಫಾಕ್ಕೆ ಯಾವ ದಿಕ್ಕು? ಇದಕ್ಕೆ ಉತ್ತರ 1934ರಷ್ಟು ಹಿಂದೆಯೇ ಸಿಕ್ಕಿತ್ತು, ಅದೂ ಒಂದು ರಿಯಾಕ್ಟರೂ ಇನ್ನೂ ಹುಟ್ಟಿರದಿದ್ದಾಗ.

ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ವಿದ್ಯುದ್ದೀಪಗಳಿಗೆ ಹೆಸರಾದ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯವಿತ್ತು. 1925ರಲ್ಲಿ ಅಲ್ಲಿನ ಫಾನ್ ಆರ್ಕೆಲ್ ಮತ್ತು ಡ ಬೋರ್ ಅಯೋಡಿನ್ ಆವಿಯ ಮೂಲಕ ಜಿರ್ಕೋನಿಯಂ ಅನ್ನು ಶುದ್ಧ ಲೋಹದ ಸರಳಾಗಿ ಬೆಳೆಸುವ ವಿಧಾನ ಕಂಡುಹಿಡಿದರು. ಅಲ್ಲಿಯವರೆಗೆ ಸಿಗುತ್ತಿದ್ದ ಜಿರ್ಕೋನಿಯಂ ಕಲ್ಮಷದಿಂದ ಪೆಡಸಾಗಿ ಮುರಿಯುತ್ತಿತ್ತು, ಇದು ಬಾಗುತ್ತಿತ್ತು. ಅದೇ ಪ್ರಯೋಗಾಲಯದ ಡಬ್ಲ್ಯು. ಜಿ. ಬರ್ಗರ್ಸ್ ಅಂಥ ಸರಳುಗಳನ್ನು ಕಾಯಿಸಿ, ತಣಿಸಿ, ಎಕ್ಸ್-ಕಿರಣಗಳಲ್ಲಿ ನೋಡಿದ. ಬೀಟಾ ಆಲ್ಫಾ ಆಗುವಾಗ ಪರಮಾಣುಗಳು ಕಂಗೆಟ್ಟು ಹೊಸದಾಗಿ ಜಾಗ ಹುಡುಕುವುದಿಲ್ಲ. ಬೀಟಾದ ಅತಿ ಒತ್ತಾದ ಪದರವೇ ಆಲ್ಫಾದ ತಳದ ಪದರವಾಗುತ್ತದೆ, ಬೀಟಾದ ಅತಿ ಒತ್ತಾದ ಸಾಲೇ ಆಲ್ಫಾದ ಎ ದಿಕ್ಕಾಗುತ್ತದೆ. ಹುಟ್ಟುವ ಹರಳು ಅಳಿಯುವ ಹರಳಿನ ದಿಕ್ಕನ್ನು ಲೆಕ್ಕಾಚಾರದ ಪ್ರಕಾರವೇ ಪಡೆಯುತ್ತದೆ. ಇಂದಿಗೂ ಇದನ್ನು ಬರ್ಗರ್ಸ್ ಸಂಬಂಧ ಎಂದೇ ಕರೆಯುತ್ತಾರೆ. ಲೋಹದ ಹರಳಿನ ದೋಷಗಳನ್ನು ಅಳೆಯುವ ‘ಬರ್ಗರ್ಸ್ ವೆಕ್ಟರ್’ ಮಾತ್ರ ಈತನದಲ್ಲ, ಇವನ ಅಣ್ಣ ಯಾನ್ ಬರ್ಗರ್ಸ್‌ನದು. ವಿದ್ಯಾರ್ಥಿಗಳು ಒಂದು ಹೆಸರು ಕಂಡು ಒಬ್ಬನೇ ಎಂದುಕೊಳ್ಳುವುದು ಸಾಮಾನ್ಯ.

ಬರ್ಗರ್ಸ್ ನಿಯಮ ಕಟ್ಟುನಿಟ್ಟಾದರೂ ಅದರೊಳಗೆ ಹನ್ನೆರಡು ಬಾಗಿಲುಗಳಿವೆ. ಬೀಟಾದಲ್ಲಿ ಅತಿ ಒತ್ತಾದ ಪದರಗಳು ಆರು ಬಗೆ, ಒಂದೊಂದರಲ್ಲೂ ಅತಿ ಒತ್ತಾದ ಸಾಲುಗಳು ಎರಡು. ಹೀಗಾಗಿ ಒಂದು ಬೀಟಾ ಕಣದಿಂದ ಹನ್ನೆರಡು ಬೇರೆ ಬೇರೆ ದಿಕ್ಕಿನ ಆಲ್ಫಾಗಳು ಹುಟ್ಟಬಹುದು. ದಿಂಡನ್ನು 1000 ಡಿಗ್ರಿಯ ಹತ್ತಿರಕ್ಕೆ ಕಾಯಿಸಿ, ಪೂರ್ತಿ ಬೀಟಾ ಮಾಡಿ, ನೀರಿಗೆ ಅದ್ದಿದರೆ ಹನ್ನೆರಡೂ ಬಾಗಿಲು ಒಟ್ಟಿಗೆ ತೆರೆದುಕೊಂಡು ಹಳೆಯ ಟೆಕ್ಸ್ಚರ್ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಬೀಟಾ ಕ್ವೆಂಚಿಂಗ್ ಎಂಬ ಈ ಉಪಚಾರ ಇಂದು ಉದ್ಯಮದಲ್ಲಿ ಮಾಮೂಲು. ಆದರೆ ಒತ್ತುಯಂತ್ರದಿಂದ ಬಂದ ಕೊಳವೆಯಲ್ಲಿ ಆಲ್ಫಾ ಆಗಲೇ ಅರ್ಧಂಬರ್ಧ ಇದೆಯಲ್ಲ. ಬೀಟಾ ಆಲ್ಫಾ ಆಗುವಾಗ ಪಕ್ಕದಲ್ಲಿ ನಿಂತಿರುವ ಆ ಆಲ್ಫಾಕ್ಕೇ ಅಂಟಿಕೊಂಡು, ಅದರದೇ ದಿಕ್ಕಿನಲ್ಲಿ ಬೆಳೆಯುವುದು ಸುಲಭ. ಹನ್ನೆರಡು ಬಾಗಿಲಿನಲ್ಲಿ ಕೆಲವಷ್ಟೇ ತೆರೆಯುತ್ತವೆ, ಇದ್ದ ಬಹುಮತ ಇನ್ನಷ್ಟು ಬಲಗೊಳ್ಳುತ್ತದೆ. ಯಾವ ಬಾಗಿಲು ಏಕೆ ತೆರೆಯಿತು ಎಂಬುದು ಈ ವಿಷಯದಲ್ಲಿ ಅತ್ಯಂತ ಜಗಳವಿರುವ ಜಾಗ. ಗಣಕದ ಮಾದರಿಗಳು ಬಿಸಿಯಲ್ಲಿ ಹರಳುಗಳು ಎಷ್ಟು ತಿರುಗುತ್ತವೆಂದು ತಕ್ಕಮಟ್ಟಿಗೆ ಹೇಳುತ್ತವೆ. ತಣಿಯುವಾಗಿನ ಆಯ್ಕೆಗೆ ಬಂದಾಗ ತಡವರಿಸುತ್ತವೆ.

ಒತ್ತಿದ ಮೇಲೆ ತಣ್ಣಗೆ ಎಳೆದೋ, ಪಿಲ್ಗರ್ ಯಂತ್ರದಲ್ಲಿ ಹಿಂದೆ ಮುಂದೆ ಉರುಳಿಸಿಯೋ ಕೊಳವೆಯನ್ನು ಕೊನೆಯ ಅಳತೆಗೆ ತರುತ್ತಾರೆ. ಅದೂ ಟೆಕ್ಸ್ಚರನ್ನು ಒಂದಿಷ್ಟು ತಿದ್ದುತ್ತದೆ, ಆದರೆ ಮೊದಲಿನ ಗುರುತನ್ನು ಅಳಿಸುವಷ್ಟಲ್ಲ. ಹದವಾಗಿ ಕಾಸಿದರೆ ಮರೆತೀತೇ? ಅದೂ ಇಲ್ಲ. ಹೊಸ ಕಣಗಳು ಹುಟ್ಟಿ ಬೆಳೆದಾಗ ಹರಳು ಸಿ-ಅಕ್ಷದ ಸುತ್ತ 30 ಡಿಗ್ರಿ ತಿರುಗುತ್ತದೆ. ಸಿ-ಅಕ್ಷ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಈ ಬಹುಮತವನ್ನು ಸಂಖ್ಯೆಯಲ್ಲಿ ಹಿಡಿಯುವ ಸರಳ ದಾರಿಯನ್ನು 1965ರಲ್ಲಿ ಅಮೆರಿಕದ ಬೆಟಿಸ್ ಪ್ರಯೋಗಾಲಯದ ಕರ್ನ್ಸ್ ಕೊಟ್ಟ. ಎಕ್ಸ್-ಕಿರಣಗಳಿಂದ ಸಿ-ಅಕ್ಷಗಳ ಹರಡುವಿಕೆಯನ್ನು ಅಳೆದು, ಉದ್ದ, ಸುತ್ತಳತೆ, ದಪ್ಪ ಈ ಮೂರು ದಿಕ್ಕುಗಳಿಗೂ ಒಂದೊಂದು ಪಾಲು ಹಂಚುವುದು. ಮೂರೂ ಸೇರಿ ಒಂದು. ದಿಕ್ಕಿಲ್ಲದ ಲೋಹದಲ್ಲಿ ಮೂರಕ್ಕೂ 0.33. ಪ್ರೆಶರ್ ಟ್ಯೂಬಿನ ಮಾದರಿ ಅಂಕಿ ಹೀಗಿರುತ್ತದೆ: ಸುತ್ತಳತೆಗೆ 0.60, ದಪ್ಪಕ್ಕೆ 0.33, ಉದ್ದಕ್ಕೆ ಬರೀ 0.07. ವಿಕಿರಣದ ಬೆಳವಣಿಗೆ ಒಂದರಲ್ಲಿ ಈ ಪಾಲಿನ ಮೂರು ಪಟ್ಟು ಕಳೆದಷ್ಟರ ಅನುಪಾತದಲ್ಲಿರುತ್ತದೆಂಬ ಒಂದು ಸುಲಭ ಸೂತ್ರವಿದೆ. ಹಾಕಿ ನೋಡಿ. ಉದ್ದಕ್ಕೆ 1ರಲ್ಲಿ 0.21 ಕಳೆದರೆ ಧನ 0.79, ಸುತ್ತಳತೆಗೆ 1ರಲ್ಲಿ 1.80 ಕಳೆದರೆ ಋಣ 0.80, ದಪ್ಪಕ್ಕೆ ಹತ್ತಿರ ಹತ್ತಿರ ಸೊನ್ನೆ. ಕೈಗಾದ ಕೊಳವೆಗಳು ಉದ್ದಕ್ಕೆ ಬೆಳೆಯುವುದಕ್ಕೆ ಈ ಪುಟ್ಟ ಲೆಕ್ಕದಲ್ಲೇ ಕಾರಣವಿದೆ.

ಹಾಗಾದರೆ ಸಿ-ಅಕ್ಷಗಳನ್ನು ಬೇರೆ ಕಡೆ ತಿರುಗಿಸಬಾರದೇ? ತಿರುಗಿಸಬಹುದು, ಬೆಲೆ ತೆರಬೇಕು. ಒಳಗಿನ ಒತ್ತಡ ಕೊಳವೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಜಗ್ಗುವಷ್ಟು ಉದ್ದದ ದಿಕ್ಕಿನಲ್ಲಿ ಜಗ್ಗುವುದಿಲ್ಲ. ಎರಡು ಪಟ್ಟು ವ್ಯತ್ಯಾಸ. ಸಿ-ಅಕ್ಷದ ಉದ್ದಕ್ಕೆ ಜಗ್ಗಿದಾಗ ಹರಳು ಸುಲಭಕ್ಕೆ ಜಗ್ಗದು ಎಂದು ಆಗಲೇ ನೋಡಿದೆವು. ಆದ್ದರಿಂದ ಸುತ್ತಳತೆಗೆ ಸಿ-ಅಕ್ಷ ಹಾಸಿದ ಕೊಳವೆ ಅಡ್ಡಕ್ಕೆ ಉಬ್ಬದೆ ಗಟ್ಟಿಯಾಗಿ ನಿಲ್ಲುತ್ತದೆ. ಉದ್ದವಾಗುವುದನ್ನು ತುದಿಯ ಬೇರಿಂಗಿನಲ್ಲಿ ಜಾಗ ಬಿಟ್ಟು ಸಂಭಾಳಿಸಬಹುದು. ಉಬ್ಬಿದರೆ ಭಾರಜಲ ಇಂಧನದ ಕಟ್ಟನ್ನು ಬಿಟ್ಟು ಪಕ್ಕದಿಂದ ಹರಿದುಹೋಗುತ್ತದೆ.

ಗಟ್ಟಿತನಕ್ಕೂ ಒಂದು ದಂಡವಿದೆ. ಜಿರ್ಕೋನಿಯಂ ಒಳಗೆ ನುಸುಳುವ ಹೈಡ್ರೋಜನ್, ಭಾರಜಲವಾದರೆ ಡ್ಯುಟೀರಿಯಂ, ಒಂದು ಮಿತಿ ಮೀರಿದಾಗ ಪೆಡಸಾದ ಹೈಡ್ರೈಡ್ ತಟ್ಟೆಗಳಾಗಿ ಹೆಪ್ಪುಗಟ್ಟುತ್ತದೆ. ಈ ತಟ್ಟೆಗಳಿಗೆ ತಳದ ಪದರಕ್ಕೆ ಹತ್ತಿರವಾಗಿ ಮಲಗುವ ಚಟ. ಸಿ-ಅಕ್ಷ ಸುತ್ತಳತೆಗಿದ್ದರೆ ತಳದ ಪದರ ಗೋಡೆಯನ್ನು ಒಳಗಿನಿಂದ ಹೊರಕ್ಕೆ ಸೀಳುವ ದಿಕ್ಕಿನಲ್ಲಿರುತ್ತದೆ. ಮಾಮೂಲಾಗಿ ಉದ್ದುದ್ದ ಕಣಗಳ ಅಂಚು ಹಿಡಿದು ತಟ್ಟೆಗಳು ಗೋಡೆಗೆ ಸಮಾನಾಂತರವಾಗಿಯೇ ಕೂರುತ್ತವೆ. ಜಗ್ಗುವ ಬಲ ಹೆಚ್ಚಾದ ಕಡೆ ಮಾತ್ರ ತಿರುಗಿ ನಿಂತು ಬಿರುಕಿಗೆ ದಾರಿ ಮಾಡುತ್ತವೆ. ಕೆನಡಾದ ಪಿಕರಿಂಗ್ ಸ್ಥಾವರದ ಮೂರನೆಯ ಘಟಕದಲ್ಲಿ 1974ರಲ್ಲಿ ಇದೇ ಮಿಶ್ರಲೋಹದ ಕೊಳವೆಗಳು ತುದಿಯ ಜೋಡಣೆಗಳ ಬಳಿ ಸೋರಿದ್ದು ಹೀಗೆ. ಅಲ್ಲಿ ಕೊಳವೆಯನ್ನು ಉರುಳೆಗಳಿಂದ ಹಿಗ್ಗಿಸಿ ಕೂರಿಸಿದಾಗ ಉಳಿದುಕೊಂಡ ಬಲ ಅತಿಯಾಗಿತ್ತು. ಇಂಧನ ಕಡ್ಡಿಯ ಹೊದಿಕೆಗೆ ಬಳಸುವ ತೆಳು ಕೊಳವೆಗಳಲ್ಲಿ ತಯಾರಕರು ಉಲ್ಟಾ ಆಯ್ಕೆ ಮಾಡುತ್ತಾರೆ: ಪಿಲ್ಗರ್ ಯಂತ್ರದಲ್ಲಿ ವ್ಯಾಸಕ್ಕಿಂತ ಗೋಡೆಯನ್ನೇ ಹೆಚ್ಚು ತೆಳುಗೊಳಿಸಿ ಸಿ-ಅಕ್ಷಗಳನ್ನು ದಪ್ಪದ ಕಡೆ ತಿರುಗಿಸುತ್ತಾರೆ. ಅಲ್ಲಿ ಹೈಡ್ರೈಡ್ ತಟ್ಟೆಗಳು ಗೋಡೆಗುಂಟ ಸುತ್ತಿಕೊಂಡಿರುವುದೇ ಕ್ಷೇಮ. ಒಂದೇ ರಿಯಾಕ್ಟರಿನಲ್ಲಿ, ಒಂದರೊಳಗೊಂದು ಇರುವ ಎರಡು ಜಿರ್ಕೋನಿಯಂ ಕೊಳವೆಗಳ ಹರಳುಗಳು ಬೇರೆ ಬೇರೆ ಕಡೆ ಮುಖ ಮಾಡಿರುತ್ತವೆ.

ಇವನ್ನೆಲ್ಲ ಕಣ್ಣಾರೆ ಕಾಣಿಸುವ ಸಲಕರಣೆಗಳು ಈಗ ನಮ್ಮ ಬಳಿಯೂ ಇವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾದರಿಯನ್ನು 70 ಡಿಗ್ರಿ ವಾಲಿಸಿ, ಕಣ ಕಣಕ್ಕೂ ಎಲೆಕ್ಟ್ರಾನ್ ಸೂಜಿ ತಾಕಿಸಿ, ಅದರ ದಿಕ್ಕನ್ನು ಬಣ್ಣದ ನಕ್ಷೆಯಾಗಿ ಬಿಡಿಸುತ್ತಾರೆ. ಮುಂಬೈ ಐಐಟಿಯಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸೌಲಭ್ಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತ್ಯಂ ಸುವಾಸ್ ಅವರ ತಂಡ ಲೋಹಗಳ ಟೆಕ್ಸ್ಚರ್ ಮೇಲೆಯೇ ಕೆಲಸ ಮಾಡುತ್ತಿದೆ. ಎಕ್ಸ್-ಕಿರಣಗಳಾದರೆ ಮೇಲ್ಪದರವನ್ನು ಮಾತ್ರ ಓದುತ್ತವೆ. ಗೋಡೆಯ ಪೂರ್ತಿ ದಪ್ಪದ ಸರಾಸರಿ ಬೇಕೆಂದರೆ ನ್ಯೂಟ್ರಾನುಗಳೇ ಬೇಕು, ಜಿರ್ಕೋನಿಯಂ ಅವನ್ನು ನುಂಗದೆ ಹೋಗಗೊಡುತ್ತದೆ.

ಹೀಗೆ ಅಳೆಯುತ್ತ ಹೋದಾಗ ಸಿಕ್ಕ ಒಂದು ಸಂಗತಿ ರಿಯಾಕ್ಟರ್ ಕಟ್ಟುವವರ ತನಕ ಹೋಗಿದೆ. ಒತ್ತುಯಂತ್ರದಿಂದ ಕೊಳವೆಯ ಮುಂದಿನ ತುದಿ ಬಿಸಿಬಿಸಿಯಾಗಿ ಹೊರಬೀಳುತ್ತದೆ. ಹಿಂದಿನ ತುದಿ ತನ್ನ ಸರದಿ ಬರುವ ಹೊತ್ತಿಗೆ ತಂಪು ಗೂಡಿಗೆ ಒಂದಿಷ್ಟು ಶಾಖ ಬಿಟ್ಟುಕೊಟ್ಟಿರುತ್ತದೆ. ವ್ಯತ್ಯಾಸ ಸ್ವಲ್ಪವೇ. ಆದರೂ ಒಂದೇ ಕೊಳವೆಯ ಎರಡು ತುದಿಗಳಲ್ಲಿ ಕಣಗಳ ಗಾತ್ರವೂ ಸಿ-ಅಕ್ಷಗಳ ಪಾಲೂ ಬೇರೆಯಾಗಿರುತ್ತವೆ. ಹಿಂದಿನ ತುದಿಯ ಕಣಗಳು ಹೆಚ್ಚು ಸಣ್ಣ. ರಿಯಾಕ್ಟರಿನಲ್ಲೂ ಕೊಳವೆಯ ಒಂದು ತುದಿಯಿಂದ ಭಾರಜಲ ಒಳಬರುತ್ತದೆ, ಇನ್ನೊಂದರಿಂದ ಸುಮಾರು 40 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಹೋಗುತ್ತದೆ. ಬಿಸಿ ಹೆಚ್ಚಿದ ಕಡೆ ಉಬ್ಬುವಿಕೆಯೂ ಹೆಚ್ಚು. ಹಾಗಾಗಿ ಕೊಳವೆಯನ್ನು ಕೂರಿಸುವಾಗ ಒತ್ತುಯಂತ್ರದ ಮುಂದಿನ ತುದಿ ಯಾವುದು, ಹಿಂದಿನದು ಯಾವುದು ಎಂದು ದಾಖಲೆ ನೋಡಬೇಕಾಗುತ್ತದೆ. ಯಾವ ತುದಿ ಬಿಸಿನೀರಿನ ಕಡೆಗಿದೆ ಎಂಬುದರ ಮೇಲೆ ಇಪ್ಪತ್ತು ವರ್ಷಗಳ ನಂತರದ ಅದರ ವ್ಯಾಸದ ಲೆಕ್ಕ ಬದಲಾಗುತ್ತದೆ.